ಒಂದು ನಿಮಿಷದ ಪ್ರಾರ್ಥನೆ

ಸೆಪ್ಟೆಂಬರ್ 2, 2025, ಮಂಗಳವಾರ

ನಗರಸಭೆಗೆ ಹೋಗಿದ್ದು ಮಗಳು ನಿಸರ್ಗಾಳ ಹೈಸ್ಕೂಲಿನ ಮುಂದೆ ಒಂದು ಸ್ಟಾಪ್ ಸೈನ್ ಹಾಕಿಸಲು. ವಾಲ್ನಟ್ ಕ್ರೀಕ್ ಪಕ್ಕದ ಈ ಸಣ್ಣ ಊರಿಗೆ ಬಂದು ಹದಿನಾಲ್ಕು ವರ್ಷವಾದರೂ ಸಭೆಗೆ ಹೋದದ್ದು ಇದೇ ಮೊದಲು. ಏಳು ಗಂಟೆಗೆ ಮೇಯರ್ ಸುತ್ತಿಗೆ ಬಡಿದು ಎಲ್ಲರೂ ಎದ್ದು ನಿಲ್ಲಬೇಕು ಎಂದರು. ಧ್ವಜಕ್ಕೆ ಎಂದುಕೊಂಡು ಎದ್ದೆ. ಒಬ್ಬ ಪಾಸ್ಟರ್ ಮೈಕಿನ ಮುಂದೆ ಬಂದು ಕಣ್ಣು ಮುಚ್ಚಿದರು. ಸದಸ್ಯರಿಗೆ ವಿವೇಕ ಕೊಡು, ಈ ಊರನ್ನು ನಿನ್ನ ಮಗನ ಕಡೆಗೆ ತಿರುಗಿಸು, ಏಸುವಿನ ಹೆಸರಿನಲ್ಲಿ ಬೇಡುತ್ತೇವೆ, ಆಮೆನ್. ಸುತ್ತಲೂ ಆಮೆನ್. ಆಮೇಲೆ ಧ್ವಜವಂದನೆ.

ಚರ್ಚಿನಲ್ಲಿ ಹೇಳಿದ್ದರೆ ನನಗೇನೂ ಇಲ್ಲ. ಇದು ನಗರಸಭೆ. ಒಳಚರಂಡಿ, ಮರ ಕಡಿಯುವ ಪರವಾನಗಿ, ಸ್ಟಾಪ್ ಸೈನ್, ಇವುಗಳ ಜಾಗ. 'ಈ ಊರನ್ನು ತಿರುಗಿಸು' ಎಂದರೆ ನನ್ನನ್ನೂ ಸೇರಿಸಿ ತಾನೆ? ನನ್ನ ಸರದಿ ಬಂದಾಗ ಸಿಟ್ಟಿಗೆ ಧ್ವನಿ ನಡುಗಿತು. ಸ್ಟಾಪ್ ಸೈನಿಗೆ ಇಷ್ಟು ಭಾವುಕಳಾಗುವ ಹೆಂಗಸನ್ನು ಅವರು ನೋಡಿರಲಿಕ್ಕಿಲ್ಲ.

ಅದಕ್ಕಿಂತ ಹೆಚ್ಚಿನ ಸಿಟ್ಟು ನನ್ನ ಮೇಲೆ. ಎದ್ದು ನಿಂತೆ. ತಲೆಯನ್ನೂ ತಗ್ಗಿಸಿದೆ.

ಸೆಪ್ಟೆಂಬರ್ 4, ಗುರುವಾರ

ಬೆಳಿಗ್ಗೆ ಬಾರ್ಟ್ ರೈಲಿನಲ್ಲಿ ಕೃಪಾಗೆ ಹೇಳಿದೆ. ಹನ್ನೆರಡು ವರ್ಷದಿಂದ ನಮ್ಮದು ಒಂದೇ ರೈಲು, ಒಂದೇ ಬೋಗಿ, ಮೂರನೆಯದು. ನಾನು ವಾಲ್ನಟ್ ಕ್ರೀಕ್‌ನಲ್ಲಿ ಹತ್ತಿ ಪಕ್ಕದ ಸೀಟಿನ ಮೇಲೆ ಚೀಲ ಇಡುತ್ತೇನೆ. ಮುಂದಿನ ಸ್ಟೇಷನ್ ಲಾಫಯೆಟ್‌ನಲ್ಲಿ ಅವಳು ಹತ್ತಿ, ಚೀಲವನ್ನು ಎತ್ತಿ ನನ್ನ ತೊಡೆಯ ಮೇಲಿಟ್ಟು ಕೂರುತ್ತಾಳೆ. ಸೌತ್ ಸ್ಯಾನ್ ಫ್ರಾನ್ಸಿಸ್ಕೋವರೆಗೆ ಒಂದು ಗಂಟೆಯ ಮಾತು. ಅವಳು ಔಷಧ ಕಂಪನಿಯ ಲ್ಯಾಬಿನಲ್ಲಿ, ನಾನು ಅದೇ ಕಂಪನಿಯ ದಾಖಲೆ ಪರಿಶೀಲನೆಯಲ್ಲಿ. ಪ್ರತಿ ಬ್ಯಾಚಿನ ಕಾಗದ ನನ್ನ ಕಣ್ಣು ದಾಟಿಯೇ ಹೊರಗೆ ಹೋಗಬೇಕು. ನಮ್ಮ ವಿಭಾಗದ್ದು ಒಂದೇ ಶಾಸನ: ಬರೆದಿಲ್ಲವೆಂದರೆ ನಡೆದಿಲ್ಲ.

ಕೃಪಾ ಸಾಲಿನ್ಸ್ ಹುಬ್ಬಳ್ಳಿಯವಳು. ಮುತ್ತಜ್ಜನ ಕಾಲದಿಂದ ಘಂಟಿಕೇರಿಯ ಕ್ರೈಸ್ತರು. ಆದ್ದರಿಂದ ಸ್ವಲ್ಪ ಅಳುಕುತ್ತಲೇ ಹೇಳಿದೆ. ಅವಳು ನಕ್ಕಳು.

"ಏ ಇಂದು, ಖರೇನ ಹೇಳ್ತೀನಿ, ನಮ್ಮ ಪಾಸ್ಟರೂ ಇದನ್ನ ಅಂತಾರ. ಪ್ರಾರ್ಥನಾ ತಗೊಂಡು ಸರ್ಕಾರದ ಕೈಯಾಗ ಕೊಟ್ರ ಸರ್ಕಾರಕ್ಕೇನೂ ಆಗಂಗಿಲ್ಲ, ಪ್ರಾರ್ಥನಾನ ಕೆಡ್ತದ ಅಂತ."

"ಹಾಗಾದ್ರೆ ನೀನೂ ಬಂದು ಹೇಳು. ಒಬ್ಬೊಬ್ಬರಿಗೆ ಮೂರು ನಿಮಿಷ ಕೊಡ್ತಾರೆ."

"ಮೂರ ನಿಮಿಷ? ನಾ ಉಸುರು ತಗೊಳ್ಳೋದ್ರಾಗ ಗಂಟಿ ಬಾರಸ್ತಾರ ತಗೊ."

ಶೇಂಗಾ ಚಟ್ನಿಪುಡಿಯ ಡಬ್ಬಿ ಕೊಟ್ಟಳು. ಸಿಟ್ಟು ಸ್ವಲ್ಪ ಇಳಿಯಿತು.

ಸೆಪ್ಟೆಂಬರ್ 13, ಶನಿವಾರ

ನಗರಸಭೆಯ ಜಾಲತಾಣದಲ್ಲಿ ಮೂರು ವರ್ಷದ ಸಭೆಗಳ ವಿಡಿಯೊ ಇದೆ. ಪ್ರತಿಯೊಂದರ ಮೊದಲ ಐದು ನಿಮಿಷ ನೋಡಿದೆ. ಒಟ್ಟು 66 ಸಭೆ. ಕ್ರೈಸ್ತ ಪ್ರಾರ್ಥನೆ 60, ಯಹೂದಿ 2, ಯಾರೂ ಬಾರದೆ ಮೌನ 4. ಹಿಂದೂ, ಮುಸ್ಲಿಂ, ಸಿಖ್, ಬೌದ್ಧ: ಸೊನ್ನೆ.

ನಗರಸಭೆಯ ಗುಮಾಸ್ತೆಗೆ ಇಮೇಲ್ ಬರೆದಿದ್ದೆ. ಉತ್ತರ ಬಂತು. ಊರಿನ ಗಡಿಯೊಳಗಿರುವ ಪ್ರಾರ್ಥನಾ ಮಂದಿರಗಳಿಗೆಲ್ಲ ಆಹ್ವಾನ ಕಳಿಸುತ್ತೇವೆ, ನಿಮ್ಮ ದೇವಸ್ಥಾನ ಗಡಿಯ ಹೊರಗಿದೆ, ಆದ್ದರಿಂದ ಪಟ್ಟಿಯಲ್ಲಿಲ್ಲ. ನಾನು ಗಡಿಯ ಒಳಗಿದ್ದೇನಲ್ಲ ತಾಯಿ!

ಕಾನೂನನ್ನೂ ಓದಿದೆ. ಇಂಥ ಪ್ರಾರ್ಥನೆ ನಡೆಯಬಹುದು ಎಂದು ಇಲ್ಲಿನ ಸುಪ್ರೀಂ ಕೋರ್ಟು 2014ರಲ್ಲಿ ಹೇಳಿದೆ, ಐವರು ನ್ಯಾಯಾಧೀಶರು ಪರ, ನಾಲ್ವರು ವಿರುದ್ಧ. ಆದರೆ ನಡೆಯಬಹುದು ಎಂದಿದೆ, ನಡೆಯಲೇಬೇಕು ಎಂದಿಲ್ಲ.

ನನ್ನ ಗಂಡ ಅಚ್ಯುತ ಸೋಫಾದಿಂದಲೇ, "ಅಷ್ಟು ತಲೆ ಯಾಕೆ ಕೆಡಿಸ್ಕೋತೀಯ? ಮುಂದಿನ ಸಲ ನೀನೇ ಹೋಗಿ ಎರಡು ಶ್ಲೋಕ ಹೇಳ್ಬಿಡು. ಪ್ರಾಬ್ಲಮ್ ಸಾಲ್ವ್ಡ್" ಎಂದರು.

"ನನಗೆ ಸರದಿ ಬೇಡ. ಯಾರದ್ದೂ ಬೇಡ ಅಂತ ನನ್ನ ವಾದ."

"ಸರಿ. ಸ್ಟಾಪ್ ಸೈನ್ ಏನಾಯ್ತು?"

ಮರೆತೇಹೋಗಿತ್ತು.

ಸೆಪ್ಟೆಂಬರ್ 25, ಗುರುವಾರ

ತಲೆ ಇನ್ನೂ ಬಿಸಿಯಿದೆ. ಆದರೂ ನಡೆದದ್ದನ್ನು ನಡೆದ ಕ್ರಮದಲ್ಲಿ ಬರೆಯುತ್ತೇನೆ.

ಅಕ್ಟೋಬರ್ ಏಳರ ನಗರಸಭೆಯ ಸಭೆಗೆಂದು ಬರೆದ ಭಾಷಣವನ್ನು ರೈಲಿನಲ್ಲಿ ಕೃಪಾಗೆ ಕೊಟ್ಟೆ. ಒಂದು ಸಾಲಿನ ಮೇಲೆ ಬೆರಳಿಟ್ಟು ಓದು ನಿಲ್ಲಿಸಿದಳು. 'ಕ್ರೈಸ್ತರು ತಾವು ಹೆಚ್ಚಿರುವ ಕಡೆ ಉಳಿದವರನ್ನೆಲ್ಲ ಅತಿಥಿಗಳೆಂದು ತಿಳಿಯುತ್ತಾರೆ.'

"ಈ ಸಾಲ ಹೊಡದ ಹಾಕು."

"ಯಾಕೆ? ಅರವತ್ತಾರರಲ್ಲಿ ಅರವತ್ತು. ಲೆಕ್ಕ ಇದೆ."

"ಲೆಕ್ಕ ಬರೋಬ್ಬರಿ ಐತಿ. ಮಂದಿ ಹೆಚ್ಚಿರೋರು ಅಂತ ಬರಿ. ಕ್ರೈಸ್ತರು ಅಂತ ಯಾಕ?"

"ಇಲ್ಲಿ ಹೆಚ್ಚಿರೋರು ಅವ್ರೇ ತಾನೆ? ನಿನಗಲ್ಲ ಕಣೇ ಹೇಳಿದ್ದು."

"ಮತ್ತ ನಮ್ಮ ಕನ್ನಡ ಸಂಘದಾಗ ಹೆಚ್ಚಿರೋರು ಯಾರ?"

ಅದು ಎಲ್ಲಿಂದ ಬಂತೋ ತಿಳಿಯಲಿಲ್ಲ. ಅವಳು ಕಾಗದ ಮಡಚುತ್ತ ಮುಂದುವರಿಸಿದಳು. "ಹನ್ನೆರಡ ವರ್ಷ ಆತು. ಯುಗಾದಿ ಇರಲಿ, ರಾಜ್ಯೋತ್ಸವ ಇರಲಿ, ಮೊದಲ ಗಣಪತಿ ಪ್ರಾರ್ಥನಾ. ನಾ ಸುಮ್ಮ ಕುಂತೀನಿ. ನೀ ಒಂದ ಸಲ ನಿಂತಿದ್ದಕ್ಕ ಇಷ್ಟ ಸಿಟ್ಟು."

"ಅದು ಬೇರೆ ವಿಷಯ ಕೃಪಾ. ಸಂಘ ಸರ್ಕಾರ ಅಲ್ಲ."

"ಹೌದು. ಸರ್ಕಾರ ಅಲ್ಲ, ನಮ್ಮ ಮನಿ."

"ಹಾಗಿದ್ರೆ ಒಂದ್ಸಲನಾದ್ರೂ ಬಾಯಿ ಬಿಟ್ಟು ಹೇಳಬಹುದಿತ್ತಲ್ಲ?"

"ಕೇಳಿದ್ದೆ. 2019ರಾಗ, ಕಮಿಟಿ ಮುಂದ. ನೀ ಅಲ್ಲೇ ಕುಂತಿದ್ದಿ."

ನನಗೆ ನೆನಪಿಲ್ಲ. ಒಂಬತ್ತು ವರ್ಷದಿಂದ ಸಂಘದ ಕಾರ್ಯದರ್ಶಿ ನಾನು. ಪ್ರತಿ ಸಭೆಯ ನಡಾವಳಿ ಬರೆಯುವವಳು ನಾನು. ಅಂಥದ್ದು ನಡೆದಿದ್ದರೆ ಗೊತ್ತಿರುತ್ತಿತ್ತು. ಹಾಗೆಂದು ಹೇಳಿದೆ. ಅವಳು ಕಿಟಕಿಯ ಕಡೆ ತಿರುಗಿದಳು. ರೈಲು ಕೊಲ್ಲಿಯ ಕೆಳಗಿನ ಸುರಂಗದಲ್ಲಿತ್ತು, ಕಿಟಕಿಯಲ್ಲಿ ನೋಡುವುದಕ್ಕೆ ಏನೂ ಇರಲಿಲ್ಲ.

ಸೆಪ್ಟೆಂಬರ್ 26, ಶುಕ್ರವಾರ

ಸಿಕ್ಕಿತು. 28 ಸೆಪ್ಟೆಂಬರ್ 2019ರ ನಡಾವಳಿ, ನಾಲ್ಕನೆಯ ವಿಷಯ: 'ರಾಜ್ಯೋತ್ಸವ ಕಾರ್ಯಕ್ರಮ ಎಂದಿನಂತೆ ಪ್ರಾರ್ಥನೆಯಿಂದ ಆರಂಭ. ಚರ್ಚೆ ಇಲ್ಲ.' ಕೆಳಗೆ ನನ್ನ ಸಹಿ. ಫೋಟೋ ತೆಗೆದು ಕೃಪಾಗೆ ಕಳಿಸಿದೆ. 'ನೋಡು, ದಾಖಲೆಯಲ್ಲಿ ಇಲ್ಲ.'

ಹತ್ತು ನಿಮಿಷದ ಮೇಲೆ ಉತ್ತರ. 'ಬರದಾಕಿ ಯಾರು?'

ಪುರಾವೆ ತೋರಿಸಿದರೆ ಮೊಂಡುವಾದ. ಎಲ್ಲ ಕಡೆಯೂ ಇದೇ.

ಸೆಪ್ಟೆಂಬರ್ 29, ಸೋಮವಾರ

ಲಾಫಯೆಟ್‌ನಲ್ಲಿ ಕೃಪಾ ಐದನೆಯ ಬೋಗಿಯ ಕಡೆಗೆ ನಡೆದುಹೋದದ್ದು ಕಿಟಕಿಯಿಂದ ಕಂಡಿತು. ಚೀಲ ಸೀಟಿನ ಮೇಲೆಯೇ ಇತ್ತು. ಓಕ್ಲೆಂಡ್‌ನಲ್ಲಿ ಒಬ್ಬ ಮುದುಕ, ಇಲ್ಲಿ ಯಾರಾದರೂ ಇದ್ದಾರಾ ಎಂದು ಕೇಳಿದ. ಚೀಲ ತೆಗೆದೆ.

ಅಕ್ಟೋಬರ್ 1, ಬುಧವಾರ

ಆಯುಧಪೂಜೆ. ಅಚ್ಯುತ ಎರಡೂ ಕಾರಿಗೆ ಕುಂಕುಮ ಹಚ್ಚಿ ನಿಂಬೆಹಣ್ಣು ಇಟ್ಟರು. ಮೈಸೂರಿನಿಂದ ಅಣ್ಣ ತನ್ನ ಕಚೇರಿಯ ಫೋಟೋ ಕಳಿಸಿದ್ದ. ತಾಲ್ಲೂಕು ಕಚೇರಿಯ ಕಂಪ್ಯೂಟರು, ಜೆರಾಕ್ಸ್ ಯಂತ್ರ, ಕಡತದ ಬೀರು ಎಲ್ಲಕ್ಕೂ ಚೆಂಡುಹೂವಿನ ಹಾರ. ಬೂದುಗುಂಬಳ ಒಡೆಯುವ ವಿಡಿಯೊ ಬೇರೆ. ನೋಡಿ ಹೊಟ್ಟೆ ತಂಪಾಯಿತು.

ನಿಸರ್ಗಾ ನನ್ನ ಭುಜದ ಮೇಲಿಂದ ಇಣುಕಿ, "ವೇಟ್, ಈಸ್ ದಟ್ ಎ ಗವರ್ನಮೆಂಟ್ ಆಫೀಸ್?" ಎಂದಳು.

ಅದು ಸಂಪ್ರದಾಯ ಎಂದೆ. ಅವಳು "ಓಕೇ, ಮಾಮ್" ಎಂದ ರೀತಿ ನನಗೆ ಹಿಡಿಸಲಿಲ್ಲ. ಹದಿನೇಳರ ವಯಸ್ಸು, ಎಲ್ಲದರಲ್ಲೂ ತಪ್ಪು ಹುಡುಕುವುದೇ ಕೆಲಸ.

ಅಕ್ಟೋಬರ್ 7, ಮಂಗಳವಾರ

ಮಾತಾಡಿ ಬಂದೆ.

ಈ ಸಲ ಎದ್ದು ನಿಲ್ಲಲಿಲ್ಲ. ಇಡೀ ಸಭಾಂಗಣ ಎದ್ದು ನಿಂತಾಗ ಕೂತಿರುವುದು ಎಷ್ಟು ಕಷ್ಟ ಎಂದು ಗೊತ್ತಿರಲಿಲ್ಲ. ಕಣ್ಣ ಮುಂದೆ ಬರೀ ಬೆನ್ನುಗಳು, ಬೆಲ್ಟುಗಳು. ಪಕ್ಕದ ಅಜ್ಜಿಯೊಬ್ಬಳು ಬಗ್ಗಿ, ಮೈಯಲ್ಲಿ ಹುಷಾರಿಲ್ಲವಾ ಎಂದು ಕೇಳಿ ತನ್ನ ನೀರಿನ ಬಾಟಲಿ ಚಾಚಿದಳು. ಬೇಡವೆಂದೆ.

ನನಗಿಂತ ಮೊದಲು ಮಾತಾಡಿದವನು ಈ ದೇಶ ಕಟ್ಟಿದ್ದೇ ಕ್ರೈಸ್ತ ದೇಶವಾಗಿ, ಇಷ್ಟವಿಲ್ಲದವರು ಕಿವಿ ಮುಚ್ಚಿಕೊಳ್ಳಲಿ ಎಂದ. ಚಪ್ಪಾಳೆ ಬಿತ್ತು. ನಾನು ಬರೆದುಕೊಂಡು ಹೋದದ್ದನ್ನು ಬದಿಗಿಟ್ಟು ಅವನಿಗೇ ಉತ್ತರ ಕೊಟ್ಟೆ. ಸಂವಿಧಾನದ ಪೀಠಿಕೆಯಿಂದ ಕೊನೆಯ ವಿಧಿಯವರೆಗೆ ಎಲ್ಲೂ ಈ ದೇಶ ಏಸುವಿನದು ಎಂಬ ಮಾತಿಲ್ಲ. ಅಧಿಕಾರಕ್ಕೆ ಧರ್ಮದ ಪರೀಕ್ಷೆ ಇರಕೂಡದು ಎಂಬ ಮಾತಿದೆ. ಧ್ವಜವಂದನೆಯ ಪ್ರತಿಜ್ಞೆಯಲ್ಲಿ ದೇವರ ಹೆಸರು ಸೇರಿದ್ದು 1954ರಲ್ಲಿ, ಅದಕ್ಕೆ ಮೊದಲು ಇರಲಿಲ್ಲ. ಆಮೇಲೆ ಅರವತ್ತಾರರಲ್ಲಿ ಅರವತ್ತು. ಆಮೇಲೆ ಕೃಪಾ ಹೊಡೆದುಹಾಕು ಎಂದಿದ್ದ ಸಾಲು. ಹೊಡೆದುಹಾಕಿರಲಿಲ್ಲ. ಜೋರಾಗಿಯೇ ಓದಿದೆ.

ಹಿಂದಿನಿಂದ ಯಾರೋ, ನಿಮ್ಮ ದೇಶದಲ್ಲಿ ಹೀಗೆ ಮಾತಾಡಲು ಬಿಡುತ್ತಾರಾ ಎಂದು ಕೂಗಿದ. ಇದೇ ನನ್ನ ದೇಶ ಎನ್ನುವಷ್ಟರಲ್ಲಿ ಕೆಂಪು ದೀಪ ಹತ್ತಿ ಮೈಕು ನಿಂತಿತು. ಮೇಯರ್ ಧನ್ಯವಾದ ಹೇಳಿ ಮುಂದಿನವರ ಹೆಸರು ಕರೆದರು. ಒಬ್ಬ ಸದಸ್ಯನೂ ಒಂದು ಪ್ರಶ್ನೆ ಕೇಳಲಿಲ್ಲ. ಕಾರ್ಯಸೂಚಿಯಲ್ಲಿ ಇಲ್ಲದ ವಿಷಯವಂತೆ.

ಹೊರಗೆ ಕಾರಿಡಾರಿನಲ್ಲಿ ಆ ನೀರಿನ ಬಾಟಲಿಯ ಅಜ್ಜಿ ಕೈ ಹಿಡಿದುಕೊಂಡಳು. "ಬರೀ ಒಂದು ನಿಮಿಷದ ಪ್ರಾರ್ಥನೆ, ಮಗಳೇ. ಅದರಿಂದ ಯಾರಿಗೆ ಏನು ತೊಂದರೆ?" ನಿಜವಾಗಿಯೂ ತಿಳಿದುಕೊಳ್ಳಲೆಂದೇ ಕೇಳಿದಂತಿತ್ತು. ಇಂಥವರ ಮೇಲೆ ಸಿಟ್ಟು ಮಾಡಿಕೊಳ್ಳುವುದು ಕಷ್ಟ. ಆದರೂ ಮಾಡಿಕೊಂಡೆ.

ಮನೆಗೆ ಬರುವಾಗ ಫೋನು ಕೈಗೆ ಬಂತು, ಕೃಪಾಗೆ ಎಲ್ಲ ಹೇಳೋಣವೆಂದು. ಪುನಃ ಒಳಗಿಟ್ಟೆ.

ಅಕ್ಟೋಬರ್ 17, ಶುಕ್ರವಾರ

ನಗರಸಭೆಯ ನಡಾವಳಿ ಜಾಲತಾಣಕ್ಕೆ ಬಂದಿದೆ. ಏಳನೇ ತಾರೀಕು, ಸಾರ್ವಜನಿಕರ ಮಾತು: 'ನಾಲ್ವರು ಮಾತನಾಡಿದರು.'

ಅಷ್ಟೇ. ನಾಲ್ವರು. ನನ್ನ ಹೆಸರಿಲ್ಲ, ಅರವತ್ತಿಲ್ಲ, 1954 ಇಲ್ಲ, ಪ್ರಾರ್ಥನೆ ಎಂಬ ಶಬ್ದವೂ ಇಲ್ಲ. ನೂರು ವರ್ಷ ಬಿಟ್ಟು ಯಾರಾದರೂ ಓದಿದರೆ ಈ ಊರಿನಲ್ಲಿ ಯಾರಿಗೂ ಏನೂ ಅನ್ನಿಸಿರಲಿಲ್ಲ ಎಂದುಕೊಳ್ಳುತ್ತಾರೆ.

ಗುಮಾಸ್ತೆಗೆ ಫೋನ್ ಮಾಡಿದೆ. ಬಹಳ ಮೃದುವಾದ ಹೆಂಗಸು. ನಾವು ನಿರ್ಣಯಗಳನ್ನಷ್ಟೇ ಬರೆಯುತ್ತೇವೆ ಎಂದಳು. ಒತ್ತಾಯಿಸಿದಾಗ, "ಹೆಸರು, ವಿಷಯ ಎಲ್ಲ ಹಾಕಿದರೆ ನಿಮಗೇ ಆಮೇಲೆ ಮುಜುಗರ ಆಗಬಹುದು ಎಂದೂ ಇರುತ್ತದೆ" ಎಂದಳು.

ನನ್ನ ಮುಜುಗರದ ಚಿಂತೆ ಇವಳಿಗೆ ಯಾಕೆ? ಮುಜುಗರ ಯಾರದ್ದು ಎಂದು ನನಗೆ ಚೆನ್ನಾಗಿ ಗೊತ್ತು. ಫೋನ್ ಇಟ್ಟಮೇಲೂ ಕಿವಿಯಲ್ಲಿ ಅದೇ ಮಾತು. ಎಲ್ಲೋ ಕೇಳಿದ ಮಾತಿನಂತಿದೆ.

ಅಪ್ಪ ಮೈಸೂರಿನ ದಿನಪತ್ರಿಕೆಯಲ್ಲಿ ಮೂವತ್ತು ವರ್ಷ ಕರಡು ತಿದ್ದಿದರು. ತಪ್ಪು ಅಚ್ಚಾದರೆ ಮಾರನೆಯ ದಿನ ತಿದ್ದುಪಡಿ ಹಾಕಿಸದೆ ಬಿಡುತ್ತಿರಲಿಲ್ಲ. ಬಿಟ್ಟುಹೋದದ್ದೂ ತಪ್ಪೇ ಎನ್ನುತ್ತಿದ್ದರು.

ಅಕ್ಟೋಬರ್ 19, ಭಾನುವಾರ

ದೀಪಾವಳಿಗೆಂದು ಕಪಾಟು ಒರೆಸುತ್ತಿದ್ದೆ. ಹಾಗೆ ನೋಡಿದರೆ ಒರೆಸಬೇಕಾದದ್ದು ಅಡುಗೆಮನೆಯ ಕಪಾಟು, ನಾನು ತೆರೆದದ್ದು ಕಾಗದಪತ್ರದ್ದು. ಸಂಘದ ಸಭೆಗಳಲ್ಲಿ ನಾನು ಮೊದಲು ಟಿಪ್ಪಣಿ ಪುಸ್ತಕದಲ್ಲಿ ಗೀಚಿಕೊಂಡು ಆಮೇಲೆ ನಡಾವಳಿ ಬರೆಯುವುದು. ಯಾವ ಪುಸ್ತಕವನ್ನೂ ಎಸೆದಿಲ್ಲ. ಮೂಲ ಟಿಪ್ಪಣಿ ಎಸೆಯಬಾರದು, ಆಫೀಸಿನ ಅಭ್ಯಾಸ.

2019ರ ಪುಸ್ತಕ ಸಿಕ್ಕಿತು. ಇದೆ. ಕೃಪಾ ಕೇಳಿದ್ದು, ಅರ್ಧ ಪುಟ. ನನ್ನದೇ ಅಕ್ಷರ. ಕೊನೆಯಲ್ಲಿ, 'ಕುಬೇರಪ್ಪ: ಮಿನಿಟ್ಸ್‌ನಲ್ಲಿ ಬೇಡ, ಅವರಿಗೇ ಮುಜುಗರ.' ಅದರ ಪಕ್ಕ ನಾನು ಹಾಕಿದ ಸರಿ ಗುರುತು.

ನಮ್ಮ ಅಧ್ಯಕ್ಷ ಕುಬೇರಪ್ಪನವರಿಗೆ ಬರುವ ಶನಿವಾರದ ಸಭೆಯಲ್ಲಿ ಇದೆ.

ಅಕ್ಟೋಬರ್ 25, ಶನಿವಾರ

ಕಮಿಟಿ ಸಭೆ, ಅಧ್ಯಕ್ಷರಾದ ಕುಬೇರಪ್ಪನವರ ಮನೆಯಲ್ಲಿ, ಫಾಸ್ಟರ್ ಸಿಟಿ. ಗದಗಿನವರು. ಮಂಡಕ್ಕಿ ಗಿರಮಿಟ್ಟು, ಮಿರ್ಚಿ ಎದುರಿಗಿಟ್ಟುಕೊಂಡು ಜಗಳ ತೆಗೆಯುವುದು ಸುಲಭವಲ್ಲ. ತೆಗೆದೆ. 2019ರ ಪುಟ ಓದಿ, ನೀವೇ ತಾನೆ ಬರೆಯಬೇಡಿ ಅಂದದ್ದು ಎಂದು ಕೇಳಿದೆ.

ಅವರು ಮಿರ್ಚಿ ಕೆಳಗಿಟ್ಟರು. "ನಾ ಅಂದೆ. ಹೌದ್ರೀ. ಆದ್ರ ಬರ್ಯಾವ್ರು ನೀವು. ಪೆನ್ನು ನಿಮ್ಮ ಕೈಯಾಗಿತ್ತು."

ಇದಕ್ಕೆ ಬೇರೆಯ ಉತ್ತರ ಸಿದ್ಧಮಾಡಿಕೊಂಡು ಹೋಗಿದ್ದೆ. ಪುಸ್ತಕ ಮುಚ್ಚಿ ಚೀಲದಲ್ಲಿಟ್ಟೆ. ಈ ವರ್ಷದ ಕಾರ್ಯಕ್ರಮವನ್ನು ಎಲ್ಲರೂ ಕೂಡಿ ಹಾಡಬಹುದಾದ ಯಾವುದಾದರೂ ಕನ್ನಡ ಹಾಡಿನಿಂದ ಶುರುಮಾಡೋಣ ಎಂದೆ.

"ಆಂಟಿ, ಎರಡು ವಾರ ಇದೆ ಅಷ್ಟೇ" ಎಂದಳು ಕಮಿಟಿಯ ಶೀತಲ್. "ನಮ್ಮ ಶಿವಾನಿ ಒಂದು ತಿಂಗಳಿಂದ ಗಣಪತಿ ಪ್ರಾರ್ಥನೆ ಪ್ರಾಕ್ಟೀಸ್ ಮಾಡ್ತಿದಾಳೆ. ಏಳು ವರ್ಷದ ಮಗು. ಏನಂತ ಹೇಳ್ಲಿ?"

ಕುಬೇರಪ್ಪ ನಗುತ್ತ ಕೈ ಜೋಡಿಸಿದರು. "ಮೇಡಂ, ಒಂದು ನಿಮಿಷದ ಪ್ರಾರ್ಥನಾ. ಯಾರಿಗೆ ಏನ ತ್ರಾಸ ಆಗ್ತದ್ರೀ?"

ನನ್ನ ಸಲಹೆಗೆ ಅನುಮೋದಕರು ಯಾರಾದರೂ ಇದ್ದಾರೆಯೇ ಎಂದು ನಿಯಮದಂತೆ ಕೇಳಿದರು. ಏಳು ಜನ. ಗಿರಮಿಟ್ಟಿನ ಮಂಡಕ್ಕಿ ಕುರುಕುರು ಎನ್ನುವ ಸದ್ದು. ಯಾರೂ ಇಲ್ಲ. ಯಾರೂ ಕೆಟ್ಟವರಲ್ಲ. ಅದಕ್ಕೇ ಮೈ ಉರಿಯುತ್ತದೆ. ಹೊರಡುವಾಗ ಕುಬೇರಪ್ಪನವರ ಹೆಂಡತಿ ಡಬ್ಬಿಯಲ್ಲಿ ಮಿರ್ಚಿ ಕಟ್ಟಿಕೊಟ್ಟರು.

ಇವತ್ತಿನ ನಡಾವಳಿಯಲ್ಲಿ ಎಲ್ಲ ಬರೆದಿದ್ದೇನೆ. ಮಿರ್ಚಿ ಬಿಟ್ಟು.

ಅಕ್ಟೋಬರ್ 28, ಮಂಗಳವಾರ

ವಾಲ್ನಟ್ ಕ್ರೀಕ್‌ನಲ್ಲಿ ಐದನೆಯ ಬೋಗಿ ಹತ್ತಿದೆ. ಪಕ್ಕದ ಸೀಟಿನ ಮೇಲೆ ಚೀಲ ಇಟ್ಟೆ. ಲಾಫಯೆಟ್‌ನಲ್ಲಿ ಕೃಪಾ ಹತ್ತಿದಳು, ನನ್ನನ್ನು ನೋಡಿದಳು, ಚೀಲವನ್ನು ನೋಡಿದಳು, ಬಾಗಿಲ ಬಳಿಯ ಕಂಬಿ ಹಿಡಿದು ನಿಂತಳು. ನಾನು ಚೀಲ ಎತ್ತಿಕೊಂಡು ಅವಳ ಪಕ್ಕ ಹೋಗಿ ನಿಂತೆ. ಎರಡೂ ಸೀಟು ಓಕ್ಲೆಂಡಿನವರ ಪಾಲಾದವು.

ಟಿಪ್ಪಣಿ ಪುಸ್ತಕ ತೆರೆದು ತೋರಿಸಿದೆ. ಒಂದು ಕೈಯಲ್ಲಿ ಕಂಬಿ ಹಿಡಿದು ಓದಿದಳು. ಎರಡು ಸಲ ಓದಿದಳು.

"ಈಗ್ಯಾಕ್ರೀ ಇದು? ಅವ್ವ ಇಲ್ಲಲ್ಲ." 2021ರಲ್ಲಿ ಅವಳ ತಾಯಿ ಹೋದಾಗ ಕೋವಿಡ್ ಕಾಲ, ಇವಳಿಗೆ ಹುಬ್ಬಳ್ಳಿಗೆ ಹೋಗಲಾಗಲಿಲ್ಲ.

"ನಡಾವಳಿ ತಿದ್ದಬೇಕು ಅಂತಿದ್ದೀನಿ."

"ತಿದ್ದಿದ್ರ ಏನಾಗ್ತದ?"

"ಏನೂ ಆಗಲ್ಲ. ಈ ವರ್ಷವೂ ಅದೇ ಪ್ರಾರ್ಥನೆ. ನಾನು ಕೇಳಿದೆ. ಯಾರೂ ಒಪ್ಪಲಿಲ್ಲ."

ಆಗ ಮೊದಲ ಸಲ ನನ್ನ ಮುಖ ನೋಡಿದಳು. "ಒಬ್ರೂ ಇಲ್ಲ?"

"ಒಬ್ಬರೂ ಇಲ್ಲ."

"ಹೆಂಗಿರ್ತದ ನೋಡು" ಎಂದಳು. ಅದರಲ್ಲಿ ವ್ಯಂಗ್ಯವಿತ್ತೋ ಕನಿಕರವಿತ್ತೋ ತಿಳಿಯಲಿಲ್ಲ. ಸೌತ್ ಸ್ಯಾನ್ ಫ್ರಾನ್ಸಿಸ್ಕೋ ಬರುವವರೆಗೆ ಇಬ್ಬರೂ ನಿಂತೇ ಇದ್ದೆವು. ಇಳಿಯುವಾಗ ಹೇಳಿದಳು, "ಬರ್ಯೋದಾದ್ರ ಪೂರಾ ಬರಿ. ಅಡಗಿಮನಿದೂ."

ನವೆಂಬರ್ 1, ಶನಿವಾರ

ಆಫೀಸಿನ ನಿಯಮ ಹೀಗಿದೆ. ಹಳೆಯ ದಾಖಲೆಯಲ್ಲಿ ತಪ್ಪಿದ್ದರೆ ಬಿಳಿ ಬಣ್ಣ ಬಳಿಯಬಾರದು, ಪುಟ ಹರಿಯಬಾರದು. ತಪ್ಪು ಸಾಲು ಓದಲು ಬರುವಂತೆ ಒಂದೇ ಗೆರೆ ಎಳೆಯಬೇಕು. ಬಿಟ್ಟುಹೋದದ್ದನ್ನು ತಡವಾದ ನಮೂದು ಎಂದು ಸೇರಿಸಿ, ಇವತ್ತಿನ ದಿನಾಂಕವನ್ನೇ ಹಾಕಬೇಕು. ಅಂದು ಮಾಡದೆ ಇದ್ದದ್ದನ್ನು ಇಂದು ಮಾಡಿದಂತೆ ಬರೆಯಕೂಡದು.

'ಚರ್ಚೆ ಇಲ್ಲ' ಎಂಬುದರ ಮೇಲೆ ಗೆರೆ ಎಳೆದೆ. ಸಂಘದ ಕಡತಕ್ಕೆ ಹೋಗುವ ಪ್ರತಿಯನ್ನು ಇಲ್ಲಿಯೂ ಬರೆದಿಡುತ್ತೇನೆ.

ತಡವಾದ ನಮೂದು. 28 ಸೆಪ್ಟೆಂಬರ್ 2019ರ ಸಭೆ, ವಿಷಯ ನಾಲ್ಕು. ಸ್ಥಳ: ಕಾರ್ಯದರ್ಶಿಯವರ ಮನೆ.

ಸದಸ್ಯೆ ಕೃಪಾ ಸಾಲಿನ್ಸ್ ಹೇಳಿದ್ದು: "ನಮ್ಮವ್ವ ಬಂದಾಳ. ಐವತ್ತ ವರ್ಷ ಚರ್ಚಿನಾಗ ಹಾಡ್ಯಾಳ. ಈ ಸಲ ರಾಜ್ಯೋತ್ಸವದ ಪ್ರಾರ್ಥನಾ ಆಕಿ ಹಾಡ್ಲೇನ್ರೀ? ಕನ್ನಡದಾಗ ಹಾಡ್ತಾಳ. ಒಂದ ನಿಮಿಷ ಅಷ್ಟ."

ಅಧ್ಯಕ್ಷ ಕುಬೇರಪ್ಪನವರು ಹೇಳಿದ್ದು: "ಚರ್ಚಿನ ಹಾಡು ನಮ್ಮ ಕಾರ್ಯಕ್ರಮಕ್ಕ ಹೊಂದಂಗಿಲ್ರೀ."

ಬೇರೆ ಯಾರೂ ಮಾತನಾಡಲಿಲ್ಲ.

ಕೃಪಾ ಅವರ ತಾಯಿ ದಾನವ್ವನವರು, ವಯಸ್ಸು ಎಪ್ಪತ್ತನಾಲ್ಕು, ಆಗ ಅಡುಗೆಮನೆಯಲ್ಲಿ ಎಲ್ಲರಿಗೂ ಚಹಾ ಸೋಸುತ್ತಿದ್ದರು. ಈ ಮನೆಯಲ್ಲಿ ಅಡುಗೆಮನೆಗೂ ಹಾಲಿಗೂ ನಡುವೆ ಗೋಡೆಯಿಲ್ಲ, ಬಾಗಿಲಿಲ್ಲ. ಅವರು ಚಹಾ ತಂದು ಎಲ್ಲರಿಗೂ ಕೊಟ್ಟರು.

ಅನುಮೋದಿಸಿದವರು: ಯಾರೂ ಇಲ್ಲ.

ಕಾರ್ಯದರ್ಶಿ ಹಾಜರಿದ್ದರು.

ಇಂದು, 1 ನವೆಂಬರ್ 2025.